ಮೊಲೆ ಬಿಟ್ಟ ಕೂಸು

ಕರ್ತನಲ್ಲಿ ಪ್ರಿಯರೇ, ಹೆತ್ತವರ ಕೂಟ ಅಂದರೆ ಬೈಬಲಿನ ಜ್ಞಾನೋಕ್ತಿ ಗ್ರಂಥ ಹೇಳುವ ಬೆತ್ತವೇ ಮೊದಲು ಹೊರಬರುತ್ತದೆ. ಮಕ್ಕಳನ್ನು ತಿದ್ದುವ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ. ನನಗೆ ಇವತ್ತು ಹೇಳಬೇಕಾಗಿರುವುದು ಒಂದೇ. ಮನೆಯಲ್ಲಿ ದೇವರ ಕುರ್ಚಿ ನಮ್ಮದಲ್ಲ. ಮಗುವಿನ ಪಕ್ಕದಲ್ಲಿ ನಾವೂ ಒಂದು ಮಗುವಾಗಿ ಕೂತಿದ್ದೇವೆ.

ನನ್ನ ಮಗಳಿಗೆ ಆಗ 3 ವರ್ಷ. ರಾತ್ರಿ ಎರಡು ಗಂಟೆ, ಮೈ ಕೆಂಡ. ಸಿರಪ್ ಕಂಡದ್ದೇ ತುಟಿ ಬಿಗಿದುಕೊಂಡಳು. ಮುದ್ದು ಮಾಡಿದೆವು, ಕಥೆ ಹೇಳಿದೆವು, ಗೊಂಬೆಗೆ ಕುಡಿಸಿದೆವು. ಗೊಂಬೆ ಚೆನ್ನಾಗಿ ಕುಡಿಯಿತು! ಇವಳು ಬಾಯಿ ತೆರೆಯಲಿಲ್ಲ. ಕೊನೆಗೆ ನಾನು ಅವಳ ಎರಡೂ ಕೈ ಹಿಡಿದು ಮಡಿಲಲ್ಲಿ ಅದುಮಿಕೊಂಡೆ. ಅವಳಮ್ಮ ಡ್ರಾಪರ್‌ನಿಂದ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಟ್ಟಳು. ಅರ್ಧ ನನ್ನ ಅಂಗಿಯ ಮೇಲೆ. ಮಗು ನನ್ನನ್ನು ನೋಡಿದ ಆ ನೋಟ ಇವತ್ತಿಗೂ ಮರೆತಿಲ್ಲ. ಅಪ್ಪ ಹೀಗೂ ಮಾಡುತ್ತಾನಾ ಅನ್ನುವ ನೋಟ.

ಕೈ ಬಿಟ್ಟ ಕೂಡಲೇ ಅಮ್ಮನ ಹತ್ತಿರ ಓಡುತ್ತಾಳೆ ಅಂದುಕೊಂಡಿದ್ದೆ. ಓಡಲಿಲ್ಲ. ತಿರುಗಿ, ಔಷಧಿ ಚೆಲ್ಲಿ ಅಂಟಂಟಾಗಿದ್ದ ಅದೇ ಅಂಗಿಗೆ ಮುಖ ಒತ್ತಿ, ನನ್ನ ಕುತ್ತಿಗೆ ತಬ್ಬಿಕೊಂಡು ಬಿಕ್ಕುತ್ತಾ ಹೇಳಿದಳು: "ಅಪ್ಪ ಕೈ ಹಿಡ್ಕೊಂಡ್ಬಿಟ್ರು." ನನ್ನ ಮೇಲಿನ ದೂರು, ನನಗೇ!

ಆ ತಿಂಗಳು ನನ್ನ ಕೆಲಸ ಹೋಗಿತ್ತು. ದೇವರ ಮೇಲೆ ಮುನಿಸು, ಪ್ರಾರ್ಥನೆ ನಿಂತಿತ್ತು. ಆ ರಾತ್ರಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಕೋಣೆಯಲ್ಲಿ ಓಡಾಡುವಾಗ ಅರ್ಥವಾಯಿತು: ದೂರು ಇರಲಿ, ಆದರೆ ಅದನ್ನು ಆತನ ಹೆಗಲ ಮೇಲೆ ಬಿದ್ದು ಹೇಳಬಹುದು. ಬೆಳಗಾಗುವಷ್ಟರಲ್ಲಿ ನಾನೂ ಹೇಳಿದೆ.

ಬಂದ ನೋವೆಲ್ಲ ಔಷಧಿ ಎಂದು ನಾನು ಹೇಳುತ್ತಿಲ್ಲ. ಮಗುವನ್ನು ಕಳೆದುಕೊಂಡವರ ಎದುರು ಆ ಮಾತು ಆಡಲೇಬಾರದು. ನಾನು ಹೇಳುತ್ತಿರುವುದು ಹೆಗಲಿನ ವಿಷಯ.

131ನೇ ಕೀರ್ತನೆ ತೆಗೆಯಿರಿ. ಮೂರೇ ವಚನ. ತಾಯಿಯ ಬಳಿ ಇರುವ ಮೊಲೆ ಬಿಟ್ಟ ಕೂಸಿನಂತೆ ನನ್ನ ಮನಸ್ಸು ಎನ್ನುತ್ತದೆ. ಹಾಲು ಕುಡಿಯುವ ಕೂಸು ಅಂದಿದ್ದರೆ ಸುಲಭವಿತ್ತು; ಹೊಟ್ಟೆ ತುಂಬಿದರೆ ಯಾರಾದರೂ ಸುಮ್ಮನಾಗುತ್ತಾರೆ. ಆಗ ಮೊಲೆ ಬಿಡಿಸುತ್ತಿದ್ದುದೂ ತಡವಾಗಿ. ಯೆಹೂದ್ಯರ ಹಳೆಯ ಗ್ರಂಥವಾದ ಎರಡನೆಯ ಮಕ್ಕಬಿಯರಲ್ಲಿ ಬರುವ ಒಬ್ಬ ತಾಯಿ ಮೂರು ವರ್ಷ ಹಾಲೂಡಿದೆ ಎನ್ನುತ್ತಾಳೆ. ಅಂದರೆ ಇದು ಮಾತು ಬಂದ ಮಗು, ಹಟ ಮಾಡಬಲ್ಲ ಮಗು. ಬೇಕು ಅಂದದ್ದನ್ನು ಇಲ್ಲ ಅಂದ ತಾಯಿಯ ಎದೆಗೇ ಒರಗಿ ಮಲಗಿದೆ. ಈ ಕೀರ್ತನೆ ದಾವೀದನ ಹೆಸರಿನಲ್ಲಿದೆ. ಅವನು ಅರಸ, ಮಕ್ಕಳೊಂದಿಗ. ಆದರೂ ಆ ಕೀರ್ತನೆಯಲ್ಲಿ ಕೂಸಿನ ಜಾಗದಲ್ಲೇ ಕೂತ.

120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳಲ್ಲಿ ಇದೂ ಒಂದು. ಹಬ್ಬಕ್ಕೆ ಯೆರೂಸಲೇಮಿಗೆ ಹೋಗುವವರ ಹಾಡು. ಆ ದಾರಿಯಲ್ಲೇ ಮರಿಯ, ಯೋಸೇಫರು 12 ವರ್ಷದ ಯೇಸುವನ್ನು ಕರೆದುಕೊಂಡು ಹೋದರು, ಬರುವಾಗ ಬಿಟ್ಟು ಬಂದರು! ಒಂದು ದಿನದ ದಾರಿ ನಡೆದ ಮೇಲೆ ಗೊತ್ತಾಯಿತು, ಸಿಕ್ಕಿದ್ದು ಮೂರು ದಿನದ ಮೇಲೆ. ಸಿಕ್ಕ ಮೇಲೂ ಮಗ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕನು ಬರೆದಿದ್ದಾನೆ. ಹದಿಹರೆಯದ ಮಕ್ಕಳಿರುವ ತಾಯಂದಿರೇ, ಆ ವಾಕ್ಯದ ಕೆಳಗೆ ಗೆರೆ ಎಳೆದುಕೊಳ್ಳಿ. ಅರ್ಥವಾಗದ್ದನ್ನು ಮರಿಯಳು ಹೃದಯದಲ್ಲಿ ಇಟ್ಟುಕೊಂಡಳು. ನಾವೋ, ತಕ್ಷಣ ಉಪದೇಶ ಶುರು ಮಾಡುತ್ತೇವೆ, ಮತ್ತೆ ಆ ಕುರ್ಚಿಯ ಮೇಲೆ!

ಸಮಯವಾಯಿತು ಅಂತ ಸಭಾಪಾಲಕರು ನೋಡುತ್ತಿದ್ದಾರೆ. ಹೋಶೇಯ 11 ಹೇಳಬೇಕಿತ್ತು, ಎಫ್ರಾಯೀಮಿಗೆ, ಅಂದರೆ ತನ್ನ ಇಸ್ರಾಯೇಲ್ ಜನಕ್ಕೆ, ನಡಿಗೆ ಕಲಿಸಿದ ದೇವರು. ಸೋತು ಮಲಗಿದ ಪ್ರವಾದಿ ಎಲೀಯನ ನಿದ್ದೆಯ ಬಗ್ಗೆಯೂ. ಮನೆಯಲ್ಲಿ ಓದಿಕೊಳ್ಳಿ.

ಪ್ರವಾದಿ ಸಮುವೇಲನ ತಾಯಿ ಹನ್ನಳ ಮಾತು ಮಾತ್ರ ಬಿಡಲಾರೆ. ಮೊಲೆ ಬಿಡಿಸಿದ ಮೇಲೆ ಸಮುವೇಲನನ್ನು ದೇವರ ಸೇವೆಗೆಂದು ಶೀಲೋವಿನ ದೇವಾಲಯದಲ್ಲಿ ಬಿಟ್ಟು ಬಂದಳು. ವರ್ಷಕ್ಕೊಮ್ಮೆ ಒಂದು ಚಿಕ್ಕ ನಿಲುವಂಗಿ ಮಾಡಿ ಒಯ್ಯುತ್ತಿದ್ದಳು. ಮಗ ಎದುರಿಗಿಲ್ಲ, ಅಳತೆ ಯಾರು ಕೊಟ್ಟರು? ಈ ವರ್ಷ ಇಷ್ಟು ಬೆಳೆದಿರಬಹುದು ಎಂದು ಊಹಿಸಿ, ತೋಳು ಸ್ವಲ್ಪ ಉದ್ದವೇ ಇರಲಿ ಅಂದುಕೊಂಡಿರಬೇಕು. ಮಕ್ಕಳು ದೂರ ಇರುವವರು, ಮಾತು ಬಿಟ್ಟ ಮಕ್ಕಳಿರುವವರು ಈ ಸಾಲುಗಳಲ್ಲಿದ್ದೀರಿ. ಕೂಟ ಮುಗಿದ ಮೇಲೆ ಮುಂದೆ ಬನ್ನಿ, ಮಗುವಿನ ಹೆಸರು ಹೇಳಿದರೆ ಸಾಕು, ಕೂಡಿ ಪ್ರಾರ್ಥಿಸೋಣ.