ಸೋನಿ ಸೋತದ್ದು ಯಾರಿಗೆ?

ಕೇಳುಗರೆ, ನಮಸ್ಕಾರ.

2001ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಹಾರ್ಡ್‌ವೇರ್ ವಿಭಾಗದ ಮುಖ್ಯಸ್ಥ ಜಾನ್ ರೂಬಿನ್‌ಸ್ಟೀನ್ ಜಪಾನಿಗೆ ಹೋಗಿದ್ದರು. ಅಲ್ಲಿ ತೋಷಿಬಾದ ಎಂಜಿನಿಯರುಗಳು ಹೊಸ ಹಾರ್ಡ್ ಡಿಸ್ಕ್ ಒಂದನ್ನು ತೋರಿಸಿದರು. ಒಳಗಿನ ತಟ್ಟೆ ಕೇವಲ 1.8 ಇಂಚಿನದು, ಹಿಡಿಸುವುದು 5 ಗಿಗಾಬೈಟ್. ಇಷ್ಟು ಪುಟ್ಟದನ್ನು ಯಾತಕ್ಕೆ ಬಳಸಬೇಕೆಂಬುದು ಮಾಡಿದವರಿಗೇ ಹೊಳೆದಿರಲಿಲ್ಲ. ರೂಬಿನ್‌ಸ್ಟೀನ್ ಅವರಿಗೆ ತಕ್ಷಣ ಹೊಳೆಯಿತು. ಅದೇ ವರ್ಷ ಅಕ್ಟೋಬರ್ 23ರಂದು, ಸಾವಿರ ಹಾಡುಗಳನ್ನು ಜೇಬಿಗೆ ಇಳಿಸುವ ಐಪಾಡ್ ಹೊರಬಂತು. ಬೆಲೆ 399 ಡಾಲರ್.

ಈ ಪಂದ್ಯಕ್ಕೆ ಆಪಲ್ ಇಳಿದದ್ದು ತಡವಾಗಿ. ಕೊರಿಯಾದ ಸೇಹಾನ್ ಮತ್ತು ಅಮೆರಿಕದ ಡೈಮಂಡ್ ಕಂಪನಿಗಳು 1998ರಲ್ಲೇ, ಹಾಡನ್ನು ಕುಗ್ಗಿಸಿಟ್ಟ ಎಂಪಿ3 ಕಡತಗಳನ್ನು ನುಡಿಸುವ ಸಾಧನಗಳನ್ನು ಮಾರತೊಡಗಿದ್ದವು. 32 ಮೆಗಾಬೈಟ್ ಜಾಗದಲ್ಲಿ ಅರ್ಧ ಗಂಟೆಯ ಹಾಡು ಹಿಡಿಸಿದರೆ ಹೆಚ್ಚು. ಸಿಂಗಪುರದ ಕ್ರಿಯೇಟಿವ್ ಕಂಪನಿ 2000ದಲ್ಲಿ 6 ಗಿಗಾಬೈಟಿನ ನೋಮ್ಯಾಡ್ ಜೂಕ್‌ಬಾಕ್ಸ್ ತಂದಿತ್ತು. ಜಾಗವೇನೋ ಧಾರಾಳ, ಆದರೆ ಆ ಕಾಲದ ನಿಧಾನಗತಿಯ ಯುಎಸ್‌ಬಿ ತಂತಿಯಲ್ಲಿ ಅದನ್ನು ತುಂಬಿಸಲು ಗಂಟೆಗಟ್ಟಲೆ ಕಾಯಬೇಕಿತ್ತು. ಆಪಲ್ ಫೈರ್‌ವೈರ್ ತಂತಿ ಕೊಟ್ಟಿತು. ಇಡೀ ಒಂದು ಸಿಡಿಯ ಹಾಡುಗಳು ಹತ್ತು ಸೆಕೆಂಡಿನಲ್ಲಿ ಇಳಿಯುತ್ತವೆ ಎಂದು ಸಾರಿತು. ನುಣುಪು ಬಿಳಿ ಮೈಯನ್ನೇ ಎಲ್ಲರೂ ಹೊಗಳಿದರು. ನನ್ನ ಮಟ್ಟಿಗೆ ಈ ತಂತಿಯದೇ ಹೆಚ್ಚಿನ ಪಾಲು.

ಹಾಗಾದರೆ ಸೋನಿ ಎಲ್ಲಿತ್ತು? ನಡೆಯುತ್ತಾ ಹಾಡು ಕೇಳುವ ಅಭ್ಯಾಸವನ್ನು 1979ರ ಜುಲೈಯಲ್ಲಿ ವಾಕ್‌ಮನ್ ಮೂಲಕ ಜಗತ್ತಿಗೆ ಹಚ್ಚಿದವರೇ ಅವರು. ಸಾಧನ ತಯಾರಿಸುವ ಕಾರ್ಖಾನೆ ಅವರದು, ಕಂಪ್ಯೂಟರ್ ಅವರದು. 1988ರಲ್ಲಿ ಸುಮಾರು 200 ಕೋಟಿ ಡಾಲರ್ ತೆತ್ತು ಸಿಬಿಎಸ್ ರೆಕಾರ್ಡ್ಸನ್ನೂ ಕೊಂಡಿದ್ದರಿಂದ ಹಾಡುಗಳೂ ಅವರವೇ. ಇಷ್ಟೆಲ್ಲ ಇದ್ದೂ ಸೋತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಸಾಧನ ಮಾಡುವ ವಿಭಾಗಕ್ಕೆ ಹಾಡುಗಳು ಸಲೀಸಾಗಿ ಓಡಾಡಬೇಕು. ಹಾಡು ಮಾರುವ ವಿಭಾಗಕ್ಕೆ ಒಂದು ಹಾಡೂ ಕದಲಬಾರದು.

ಮೆಮರಿ ಸ್ಟಿಕ್ ಎಂಬ ಪುಟ್ಟ ನೆನಪಿನ ಬಿಲ್ಲೆಯಲ್ಲಿ ಹಾಡು ಇಟ್ಟುಕೊಳ್ಳುವ 1999ರ ವಾಕ್‌ಮನ್ ಈ ಜಗಳದ ಕೂಸು. ಅದು ಎಂಪಿ3 ಕಡತವನ್ನು ನೇರವಾಗಿ ನುಡಿಸುತ್ತಿರಲಿಲ್ಲ. ಸೋನಿಯದೇ ಆದ ಅಟ್ರಾಕ್ ರೂಪಕ್ಕೆ ಮೊದಲು ಬದಲಾಯಿಸಬೇಕು, ನಕಲಾಗದಂತೆ ಬೀಗ ಹಾಕಿದ ಆ ಹಾಡನ್ನು ಲೆಕ್ಕವಿಟ್ಟು ಸಾಧನಕ್ಕೆ ಇಳಿಸಬೇಕು, ತೆಗೆಯುವಾಗ ಅದೇ ಕಂಪ್ಯೂಟರಿಗೆ ವಾಪಸು ಒಪ್ಪಿಸಬೇಕು. ಗ್ರಂಥಾಲಯದ ಪುಸ್ತಕಕ್ಕಾದರೆ ಈ ಶಿಸ್ತು ಸರಿ. ತನ್ನ ದುಡ್ಡಿನಲ್ಲಿ ಕೊಂಡ ಸಿಡಿಯ ಹಾಡಿಗೆ ಯಾರು ಸಹಿಸುತ್ತಾರೆ? ಎಂಪಿ3 ನೇರವಾಗಿ ನುಡಿಸಲು ಸೋನಿ ಒಪ್ಪಿದ್ದು 2004ರಲ್ಲಿ. ಅಷ್ಟರಲ್ಲಿ ಗಿರಾಕಿಗಳು ಕೈಬಿಟ್ಟು ಹೋಗಿದ್ದರು.

ಆಪಲ್ ಕೂಡ ಇದೇ ಹಳ್ಳಕ್ಕೆ ಬೀಳುವುದರಲ್ಲಿತ್ತು. ಐಪಾಡ್ ತನ್ನ ಮ್ಯಾಕ್ ಕಂಪ್ಯೂಟರಿಗಷ್ಟೇ ಇರಲಿ ಎಂಬುದು ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಹಟ. ಅವರ ಜೊತೆಗಾರರು ಹಟ ಬಿಡಿಸಲು ಸಾಕಷ್ಟು ಹೆಣಗಬೇಕಾಯಿತು. 2003ರ ಏಪ್ರಿಲ್‌ನಲ್ಲಿ ಹಾಡಿಗೆ 99 ಸೆಂಟಿನಂತೆ ಮಾರುವ ಆಪಲ್‌ನ ಅಂತರಜಾಲದ ಅಂಗಡಿ ತೆರೆಯಿತು, ಅಕ್ಟೋಬರಿನಲ್ಲಿ ಅದು ವಿಂಡೋಸ್ ಬಳಕೆದಾರರಿಗೂ ಸಿಕ್ಕಿತು. ನಿಜವಾದ ಓಟ ಶುರುವಾದದ್ದು ಅಲ್ಲಿಂದ. 2005ರಲ್ಲಿ, ಚೆನ್ನಾಗಿ ಬಿಕರಿಯಾಗುತ್ತಿದ್ದ ಐಪಾಡ್ ಮಿನಿಯ ಕತ್ತನ್ನು ಆಪಲ್ ತಾನೇ ಕೊಯ್ದು ನ್ಯಾನೋ ತಂದಿತು. ಸೋನಿಗೆ ಆಗದಿದ್ದ ಕೆಲಸವೆಂದರೆ ಇದೇ.

ಕ್ರಿಯೇಟಿವ್ ಪಾಡು ಇನ್ನೊಂದು ಬಗೆ. ಗಾಯಕ, ಆಲ್ಬಂ, ಹಾಡು ಎಂದು ಪಟ್ಟಿಯೊಳಗೆ ಪಟ್ಟಿ ತೆರೆಯುತ್ತಾ ಹೋಗುವ ವಿಧಾನದ ಪೇಟೆಂಟ್ ಅದರ ಕೈಯಲ್ಲಿತ್ತು. 2006ರಲ್ಲಿ ಆಪಲ್ ಮೇಲೆ ಮೊಕದ್ದಮೆ ಹೂಡಿತು. ಕೆಲವೇ ತಿಂಗಳಲ್ಲಿ ಆಪಲ್ 10 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ರಾಜಿಯ ಬೆನ್ನಿಗೆ ಕ್ರಿಯೇಟಿವ್ ಐಪಾಡಿಗೆ ಬೇಕಾದ ಪರಿಕರಗಳನ್ನು ಮಾಡಲು ಮುಂದಾಯಿತು. ಕೇಸು ಗೆದ್ದಂತೆ, ಆಟ ಬಿಟ್ಟುಕೊಟ್ಟಂತೆ.

ಅದೇ ವರ್ಷ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಝೂನ್ ಎಂಬ ತನ್ನದೇ ಹಾಡಿನ ಸಾಧನ ತಂದಿತು. ಅದುವರೆಗೆ ತನ್ನ ಬೀಗದ ತಂತ್ರವನ್ನು ನಂಬಿ ಸಾಧನ ಮಾಡುತ್ತಿದ್ದ ಕಂಪನಿಗಳನ್ನು ನಡುನೀರಿನಲ್ಲಿ ಬಿಟ್ಟಿತು: ಆ ಬೀಗ ಹಾಕಿದ ಹಾಡುಗಳು ಝೂನ್‌ನಲ್ಲಿ ಬಾಯಿಬಿಡುತ್ತಿರಲಿಲ್ಲ. ಝೂನ್‌ನಿಂದ ಝೂನ್‌ಗೆ ತಂತಿಯಿಲ್ಲದೆ ಹಾಡು ಕಳಿಸಬಹುದಿತ್ತು ನಿಜ. ಪಡೆದವರು ಮೂರು ಸಲ ಕೇಳಬಹುದು, ಇಲ್ಲವೇ ಮೂರು ದಿನ ಇಟ್ಟುಕೊಳ್ಳಬಹುದು. ಆದರೂ ಬಾನುಲಿಯವನಾಗಿ ಅದಕ್ಕೊಂದು ಮೆಚ್ಚುಗೆ ಸಲ್ಲಿಸಲೇಬೇಕು. ಅದರಲ್ಲಿ ಎಫ್‌ಎಂ ರೇಡಿಯೊ ಇತ್ತು. ಐಪಾಡಿನ ಒಡಲಿಗೆ ರೇಡಿಯೊ ಸೇರಿದ್ದು 2009ರಲ್ಲಿ.

ಝೂನ್ ಹೆಸರು ಲೋಕವೆಲ್ಲ ಕೇಳಿದ್ದು ಮಾತ್ರ 2008ರ ಡಿಸೆಂಬರ್ 31ರಂದು. ಆ ದಿನ 30 ಗಿಗಾಬೈಟಿನ ಹಳೆಯ ಝೂನ್‌ಗಳು ಒಮ್ಮೆಲೇ ಸ್ತಬ್ಧವಾದವು. ಕಾರಣ ಗಡಿಯಾರದ ಲೆಕ್ಕ. ಒಂದು ನಿಗದಿತ ದಿನದಿಂದ ಎಷ್ಟು ದಿನ ಕಳೆಯಿತೆಂದು ಎಣಿಸಿ, ಇದು ಯಾವ ವರ್ಷವೆಂದು ಯಂತ್ರ ಕಂಡುಕೊಳ್ಳುವ ಬಗೆ ಹೀಗೆ. ದಿನಗಳ ಸಂಖ್ಯೆ 365 ದಾಟಿದ್ದರೆ ಅದರಿಂದ ಒಂದು ವರ್ಷ ಕಳೆದು ಮತ್ತೆ ಪರೀಕ್ಷಿಸಬೇಕು. ಅಧಿಕ ವರ್ಷವಾದರೆ 366 ದಾಟಿದಾಗ ಮಾತ್ರ ಕಳೆಯಬೇಕು. ಅಂದು ವರ್ಷದ 366ನೆಯ ದಿನ. 365 ದಾಟಿದೆ, 366 ದಾಟಿಲ್ಲ. ಕಳೆಯುವಂತಿಲ್ಲ, ಹೊರಬರುವಂತಿಲ್ಲ, ಯಂತ್ರ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾ ಗಾಣದೆತ್ತಿನಂತೆ ಸುತ್ತಿತು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ನಾಳೆ ಮತ್ತೆ ಚಾಲೂ ಮಾಡಿ ಎಂಬುದೇ ಕಂಪನಿ ಸೂಚಿಸಿದ ಮದ್ದು. 2011ರಲ್ಲಿ ಝೂನ್ ಸಾಧನಗಳ ತಯಾರಿಕೆಯೇ ನಿಂತಿತು.

ಐಪಾಡನ್ನು ಮುಗಿಸಿದ್ದು ಯಾವ ಎದುರಾಳಿಯೂ ಅಲ್ಲ, 2007ರಲ್ಲಿ ಆಪಲ್ಲೇ ತಂದ ಐಫೋನ್. 2022ರ ಮೇ 10ರಂದು ಕೊನೆಯ ಐಪಾಡ್‌ಗೂ ವಿದಾಯ ಘೋಷಣೆಯಾಯಿತು. ಮರುವರ್ಷ ಜನವರಿಯಲ್ಲಿ ಸೋನಿ ಹೊಸ ವಾಕ್‌ಮನ್ ಮಾದರಿಯೊಂದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಎಂಪಿ3 ಯಾವ ತಕರಾರೂ ಇಲ್ಲದೆ ನುಡಿಯುತ್ತದೆ.

ನಮಸ್ಕಾರ.