ವಿಶ್ವವಿದ್ಯಾಲಯದ ಸಭೆಯಲ್ಲಿ ಪ್ರಶ್ನೆಗೆ ಎಷ್ಟು ಜಾಗ?

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಕಾರ್ಯಕ್ರಮಗಳಿಗೇನೂ ಬರವಿಲ್ಲ. ಸಂವಾದ, ವಿಚಾರಗೋಷ್ಠಿ, ಮತದಾರರ ಜಾಗೃತಿ ಅಂತ ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಸಭಾಂಗಣವೂ ತುಂಬುತ್ತದೆ. ಆದರೆ ಹೊರಗೆ ಬಂದ ಮೇಲೆ ತಮ್ಮ ನೀರು, ರಸ್ತೆ, ಶಾಲೆಯ ಬಗ್ಗೆ ಬಾಯಿ ತೆರೆಯುವವರು ಎಷ್ಟು ಮಂದಿ? ಯುವಜನರಿಗೆ ಆಸಕ್ತಿಯೇ ಇಲ್ಲ ಅಂದುಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ನಾವು ಸಭೆ ನಡೆಸುವ ರೀತಿಯೇ ಸರಿಯಿಲ್ಲ.

ಎರಡು ಗಂಟೆಯ ಕಾರ್ಯಕ್ರಮ ಅಂದುಕೊಳ್ಳಿ. ಸ್ವಾಗತ, ಅತಿಥಿಗಳ ಪರಿಚಯ, ಮೂವರ ಭಾಷಣ, ಅಧ್ಯಕ್ಷರ ಮಾತು. ಕೊನೆಗೆ ಹತ್ತು ನಿಮಿಷ ಉಳಿದಿರುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಎರಡು ಸಲ ಕೈ ಎತ್ತಿದ್ದಾಳೆ. ಮೈಕು ಮುಂದಿನ ಸಾಲಿನ ಹಿರಿಯರ ಕೈಗೆ ಹೋಗುತ್ತದೆ. ಅವರ ಪ್ರಶ್ನೆಯೇ ಐದು ನಿಮಿಷದ ಭಾಷಣ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಗುತ್ತದೆ, ಅವಳು ನೋಟ್‌ಬುಕ್ ಮುಚ್ಚುತ್ತಾಳೆ. ಅವಳು ಕೇಳಬೇಕಿದ್ದದ್ದು ಇಷ್ಟೇ: ಸಂಜೆಯ ಲ್ಯಾಬ್ ಮುಗಿಯುವ ಮೊದಲೇ ಕೊನೆಯ ಬಸ್ಸು ಯಾಕೆ ಹೊರಡುತ್ತದೆ? ಉತ್ತರ ಕೊಡಬಲ್ಲ ಅಧಿಕಾರಿ ವೇದಿಕೆಯ ಮೇಲೇ ಕೂತಿದ್ದರು. ನಾಗರಿಕ ಜವಾಬ್ದಾರಿಯ ಬಗ್ಗೆ ಎರಡು ಗಂಟೆ ಮಾತಾಡಿದ ಸಭೆ ಒಬ್ಬ ನಾಗರಿಕಳ ಮಾತು ಕೇಳದೆ ಎದ್ದುಹೋಯಿತು.

ಬೇರೆ ಥರದ ಸಭೆಯೂ ಸಾಧ್ಯ. 1965ರ ಮಾರ್ಚ್ ತಿಂಗಳು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಒಂದು ದಿನ ಪಾಠ ನಿಲ್ಲಿಸುತ್ತೇವೆ ಎಂದು ಕೆಲವು ಅಧ್ಯಾಪಕರು ಘೋಷಿಸಿದರು. ದೊಡ್ಡ ಗಲಾಟೆಯಾಯಿತು. ಆಗ ಅವರು ದಾರಿ ಬದಲಿಸಿದರು. ಪಾಠ ನಿಲ್ಲಿಸುವುದು ಬೇಡ, ರಾತ್ರಿಯಿಡೀ ಹೆಚ್ಚುವರಿ ಪಾಠ ಮಾಡೋಣ ಎಂದರು. ಅದಕ್ಕೆ ‘ಟೀಚ್-ಇನ್’ ಎಂದು ಹೆಸರಿಟ್ಟರು. ಮಾರ್ಚ್ 24ರ ರಾತ್ರಿ ಶುರುವಾದದ್ದು ಮುಗಿದದ್ದು ಮರುದಿನ ಬೆಳಿಗ್ಗೆ. ಸುಮಾರು 3,000 ಜನ ಬಂದರು. ನಡುವೆ ಬಾಂಬ್ ಬೆದರಿಕೆ ಬಂದಾಗ ಕಟ್ಟಡ ಖಾಲಿ ಮಾಡಿ ಚಳಿಯಲ್ಲಿ ಹೊರಗೆ ನಿಂತರು. ಯುದ್ಧದ ಪರ ಇದ್ದ ವಿದ್ಯಾರ್ಥಿಗಳೂ ಅಲ್ಲಿಗೆ ಬಂದಿದ್ದರು. ಭಾಷಣಗಳ ಜೊತೆಗೆ ಸಣ್ಣ ಸಣ್ಣ ಗುಂಪುಗಳ ಚರ್ಚೆಯೂ ನಡೆಯಿತು. ಅಧ್ಯಾಪಕರು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ವಾದ ಮಾಡಿದರು. ಕೆಲವೇ ವಾರಗಳಲ್ಲಿ ಈ ಪದ್ಧತಿ ದೇಶದ ಹತ್ತಾರು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಒಂದೇ ಸಂಗತಿ. ಅಲ್ಲಿ ಯಾರಿಗೂ ಹೊತ್ತಾಗಿರಲಿಲ್ಲ.

ಆಮೇಲೆ ಸೆನೆಟರ್ ಗೇಲಾರ್ಡ್ ನೆಲ್ಸನ್ ಇದೇ ಮಾದರಿಯನ್ನು ಪರಿಸರಕ್ಕೆ ಬಳಸಿಕೊಂಡರು. ಡೆನಿಸ್ ಹೇಯ್ಸ್ ಎಂಬ 25 ವರ್ಷದ ಯುವಕನಿಗೆ ಸಂಘಟನೆಯ ಹೊಣೆ ಕೊಟ್ಟರು. ದಿನಾಂಕ ಆರಿಸಿದ ರೀತಿಯನ್ನು ಇಲ್ಲಿರುವ ಸಂಘಟಕರು ಗಮನಿಸಬೇಕು. ವಸಂತ ರಜೆ ಮುಗಿದಿರಬೇಕು, ಕೊನೆಯ ಪರೀಕ್ಷೆ ಇನ್ನೂ ಶುರುವಾಗಿರಬಾರದು. ಹಾಗೆ ಸಿಕ್ಕಿದ್ದು 1970ರ ಏಪ್ರಿಲ್ 22, ಮೊದಲ ಭೂಮಿ ದಿನ. ಸುಮಾರು 2 ಕೋಟಿ ಜನ ಪಾಲ್ಗೊಂಡರು ಎಂಬ ಲೆಕ್ಕವಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ಕೆಲಸ ಶುರುಮಾಡಿತು. ಎಲ್ಲವೂ ಒಂದು ದಿನದ ಸಭೆಗಳಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಕ್ಯಾಂಪಸ್ಸಿನಲ್ಲಿ ಎದ್ದ ಮಾತು ಗೇಟು ದಾಟಿ ಬೀದಿಗೆ ಹೋಗಿತ್ತು, ಬೀದಿಯ ಮಾತು ಆಳುವವರ ಕಿವಿಗೂ ಬಿದ್ದಿತ್ತು.

ಗೇಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗುರುತಿನ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ ಅಂತ ಬೋರ್ಡು ಹಾಕಿ, ಒಳಗೆ ಸಾರ್ವಜನಿಕ ಸಭೆ ಮಾಡುವುದು ಹೇಗೆ? ವಿಷಯ ಕಸ ವಿಲೇವಾರಿಯಾದರೆ ಕಸ ಎತ್ತುವವರು ಸಭೆಯಲ್ಲಿ ಇರಲೇಬೇಕು. ಅವರಿಗೆ ಬಿಡುವಿರುವ ಹೊತ್ತಿಗೆ ಸಭೆ ಇಡಬೇಕು. ನಮ್ಮ ಅನುಕೂಲದ ಹೊತ್ತಿಗಲ್ಲ.

ಸುಮ್ನೆ ಎಲ್ಲರನ್ನೂ ಕರೆದು ಕೂಡಿಸಿದರೆ ಕೂಗಾಟ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಸಿದ್ಧತೆ ಇಲ್ಲದಿದ್ದರೆ. ಜೇಮ್ಸ್ ಫಿಶ್‌ಕಿನ್ ಎಂಬ ರಾಜ್ಯಶಾಸ್ತ್ರ ಪ್ರಾಧ್ಯಾಪಕರು 1988ರಲ್ಲಿ ಇದಕ್ಕೆ ಒಂದು ವಿಧಾನ ಮುಂದಿಟ್ಟರು. ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಮೊದಲು ಅವರ ಅಭಿಪ್ರಾಯ ಕೇಳಿಕೊಳ್ಳುತ್ತಾರೆ. ಎಲ್ಲ ಕಡೆಯ ವಾದಗಳೂ ಇರುವ ಪುಸ್ತಿಕೆ ಓದಲು ಕೊಡುತ್ತಾರೆ. ಜನ ಸಣ್ಣ ಗುಂಪುಗಳಲ್ಲಿ ಮಾತಾಡಿ ಪ್ರಶ್ನೆ ಸಿದ್ಧಮಾಡುತ್ತಾರೆ, ತಜ್ಞರು ಆ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಕೊನೆಗೆ ಮತ್ತೆ ಅಭಿಪ್ರಾಯ ಕೇಳುತ್ತಾರೆ. ಇಲ್ಲಿ ಪ್ರಶ್ನೆ ಮೊದಲು, ತಜ್ಞರು ಆಮೇಲೆ. ನಮ್ಮ ಸಭೆಗಳ ಕ್ರಮ ಪೂರ್ತಿ ಉಲ್ಟಾ, ಅಲ್ವಾ?

ಇನ್ನು ರಾಜಕೀಯದ ಭಯ. ವಿಶ್ವವಿದ್ಯಾಲಯ ಒಂದು ಪಕ್ಷದ ಪ್ರಚಾರಕ್ಕೆ ನಿಲ್ಲಬಾರದು, ಸರಿ. ಆದರೆ ಆ ಭಯಕ್ಕೆ ‘ಮತದಾನ ಪವಿತ್ರ’ ಎಂಬಷ್ಟಕ್ಕೇ ಮಾತು ನಿಲ್ಲಿಸಿದರೆ ಮಕ್ಕಳು ಏನು ಕಲಿಯುತ್ತಾರೆ? ಎಲ್ಲ ಪಕ್ಷದವರನ್ನೂ ಕರೆಯಿರಿ, ಎಲ್ಲರಿಗೂ ಅಷ್ಟೇ ಸಮಯ ಕೊಡಿ, ಅಷ್ಟೇ ಗಟ್ಟಿ ಪ್ರಶ್ನೆ ಕೇಳಿ. ಒಬ್ಬರು ಬರಲಿಲ್ಲ ಅಂದರೆ ಅವರ ಕುರ್ಚಿ ಖಾಲಿ ಇರಲಿ.

ನಿಮ್ಮ ಸಂಘದವರಲ್ಲಿ ನನ್ನದು ಒಂದು ಕೋರಿಕೆ. ಇವತ್ತು ಕೇಳುವ ಪ್ರತಿ ಪ್ರಶ್ನೆಯನ್ನೂ ಬರೆದಿಡಿ. ಯಾರು ಉತ್ತರ ಕೊಡುತ್ತೇನೆ ಅಂದರು, ಯಾವಾಗ ಅಂದರು, ಅದನ್ನೂ ಪಕ್ಕದಲ್ಲೇ ಬರೆಯಿರಿ. ಆ ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಮುಂದಿನ ಸಭೆಯನ್ನು ಸ್ವಾಗತ ಭಾಷಣದಿಂದ ಶುರುಮಾಡಬೇಡಿ, ಆ ಹಾಳೆ ಓದುವುದರಿಂದ ಶುರುಮಾಡಿ. ಉತ್ತರ ಬಾರದ ಪ್ರಶ್ನೆಯ ಮುಂದೆ ‘ಬಂದಿಲ್ಲ’ ಅಂತಲೇ ಓದಿ, ಮಾತು ಕೊಟ್ಟವರು ಎದುರಿಗೆ ಕೂತಿದ್ದರೂ ಸರಿ.

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಉಳಿದಿದೆ. ಅದು ನಿಮ್ಮದು. ಮೈಕನ್ನು ಮೊದಲು ಹಿಂದಿನ ಸಾಲಿಗೆ ಕೊಡಿ.