ಕರೆಂಟಿಗೂ ಮೆಟ್ಟಿಲು ಬೇಕು

ಕೇಳುಗರೇ, ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರು ಇವತ್ತು ಕಿವಿಗೊಟ್ಟು ಕೇಳಬೇಕು. ವಿಷಯ ಮಲ್ಟಿಲೆವೆಲ್ ಕನ್ವರ್ಟರ್. ಹೆಸರಿಗೆ ಹೆದರಬೇಡಿ. ದರೆಯ ಮೇಲಿಂದ ತೋಟಕ್ಕೆ ಹಾರುವುದು ಬೇರೆ, ಮೆಟ್ಟಿಲಿಳಿದು ಹೋಗುವುದು ಬೇರೆ. ಇದು ವೋಲ್ಟೇಜಿಗೆ ಮೆಟ್ಟಿಲು ಕಟ್ಟಿಕೊಡುವ ಯಂತ್ರ.

ಒಂದು ತೋಟ ಎಂದಿಟ್ಟುಕೊಳ್ಳಿ. 415 ವೋಲ್ಟಿನ ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪು. ವೇಗ ಹೆಚ್ಚು ಕಮ್ಮಿ ಮಾಡಲು ಡ್ರೈವ್ ಇಟ್ಟಿದ್ದಾರೆ. ಡ್ರೈವ್ ಶೆಡ್ಡಿನಲ್ಲಿ, ಮೋಟಾರು ಬೋರ್‌ವೆಲ್ಲಿನ ಆಳದಲ್ಲಿ, ನಡುವೆ 120 ಮೀಟರ್ ಕೇಬಲ್. ಆರು ತಿಂಗಳಲ್ಲಿ ವೈಂಡಿಂಗ್ ಸುಟ್ಟಿತು. ಹೊಸದಾಗಿ ಸುತ್ತಿಸಿದರು, ಮತ್ತೆ ಸುಟ್ಟಿತು. ಎಲ್ಲರೂ ವೈಂಡಿಂಗ್ ಮಾಡಿದವರನ್ನೇ ಬೈದರು. ಅವರ ತಪ್ಪಲ್ಲ! ಡ್ರೈವಿನೊಳಗೆ ಆ 415 ಎಸಿ ಸುಮಾರು 590 ವೋಲ್ಟ್ ಡಿಸಿ ಆಗುತ್ತದೆ. ಸಾಮಾನ್ಯ ಡ್ರೈವಿನ ಆರು ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಗೆ ಗೊತ್ತಿರುವುದು ಎರಡೇ: ಸೊನ್ನೆ, ಇಲ್ಲವೇ 590. ನಡುವೆ ಮೆಟ್ಟಿಲಿಲ್ಲ. ಆ ಏಟು ಕೇಬಲಿನ ತುದಿಗೆ ಹೋಗಿ, ಕಡಲ ತೆರೆ ಕಲ್ಲಿನ ತಡೆಗೆ ಬಡಿದು ಎದ್ದಂತೆ, 1180 ವೋಲ್ಟಿನ ತನಕ ಏಳುತ್ತದೆ; ಸೆಕೆಂಡಿಗೆ ಸಾವಿರಾರು ಸಲ. ಅದನ್ನು ತಿನ್ನುವುದು ಕಾಯಿಲಿನ ಮೊದಲ ಕೆಲವು ಸುತ್ತುಗಳು. ಬಿಚ್ಚಿದಾಗ ಅಲ್ಲೇ ಕರಕಲಾಗಿದ್ದರೆ ಮೊದಲು ಡ್ರೈವನ್ನೂ ಕೇಬಲಿನ ಉದ್ದವನ್ನೂ ನೋಡಿ.

ಮಲ್ಟಿಲೆವೆಲ್ ಕನ್ವರ್ಟರ್ ಇರುವ ಮೂರು ಹಂತದ ಡ್ರೈವಿಗೆ ಸೊನ್ನೆ, 295, 590 ಎಂದು ಮೂರು ಮೆಟ್ಟಿಲು (ತ್ರೀ ಫೇಸ್ ಬೇರೆ, ಇದು ಬೇರೆ). ಅದರಲ್ಲಿ ಎರಡು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಭಾಗಗಳು, ಸಾಲಾಗಿ ಕೂತು 590ನ್ನು ಅರ್ಧ ಮಾಡುತ್ತವೆ. 12 ಐಜಿಬಿಟಿ, 6 ಡಯೋಡು. ಜಪಾನಿನ ನಬಾಯೆ, ತಕಾಹಾಶಿ, ಅಕಾಗಿ 1981ರಲ್ಲಿ ಪ್ರಕಟಿಸಿದ ವಿಧಾನ. ಒಂದೊಂದು ನೆಗೆತ 295 ವೋಲ್ಟ್ ಮಾತ್ರ. ಮೋಟಾರಿನ ಬಾಯಲ್ಲಿ ಏಟು 590ರ ಮೇಲೆ ಇನ್ನೊಂದು 295 ಸೇರಿ 885ರ ಆಸುಪಾಸಿಗೆ ನಿಲ್ಲುತ್ತದೆ. ಮೆಟ್ಟಿಲು, ಮೆಟ್ಟಿಲು! ಅಷ್ಟೇ ನಾನು ಹೇಳುವುದು.

ಹಳೆಯ ಡ್ರೈವ್ ಇದ್ದವರು ವೋಲ್ಟೇಜ್ ನೆಗೆಯುವ ವೇಗ ತಗ್ಗಿಸುವ ಡಿವಿ–ಡಿಟಿ ಫಿಲ್ಟರ್ ಹಾಕಿಸಿ. ಅದನ್ನು ಡ್ರೈವಿನ ಪಕ್ಕದಲ್ಲೇ ಕೂರಿಸಬೇಕು, ಬೋರ್‌ವೆಲ್ ಬಾಯಿಯಲ್ಲಲ್ಲ. ಕ್ಯಾರಿಯರ್ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಸ್ವಿಚ್ಚು ಎಷ್ಟು ಸಲ ಬಡಿಯುತ್ತದೆ ಎಂಬ ಲೆಕ್ಕ, 8 ಕಿಲೋಹರ್ಟ್ಸ್ ಇದ್ದರೆ 2ರಿಂದ 4ಕ್ಕೆ ಇಳಿಸಿ, ಏಟುಗಳ ಸಂಖ್ಯೆ ತಗ್ಗುತ್ತದೆ.

ಸಮಯ ಮುಗಿಯುತ್ತ ಬಂತು. ತಮಿಳುನಾಡಿನ ಪುಗಲೂರಿನಿಂದ ತ್ರಿಶೂರಿಗೆ 2021ರಲ್ಲಿ ಬಂದ 320 ಕಿಲೋವೋಲ್ಟಿನ ಡಿಸಿ ಲೈನಿನಲ್ಲೂ ಇದೇ ಮೆಟ್ಟಿಲು, ಅಲ್ಲಿ ನೂರಾರು. ನಿಮ್ಮ ಮೂರು ಹಂತದ ಡ್ರೈವಿನಲ್ಲಿ ಒಂದು ಕೆಪಾಸಿಟರ್ ಸೊರಗಿದರೆ ಪಾಲು ತಪ್ಪಿ ಎರಡರಲ್ಲಿ ಒಂದರ ಮೇಲೆ ಹೆಚ್ಚು ಭಾರ ಬೀಳುತ್ತದೆ. ಬದಲಾಯಿಸುವಾಗ ಎರಡನ್ನೂ ಬದಲಾಯಿಸಿ. ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ, ಡಿಸಿ ತುದಿಗಳಿಗೆ ಮೀಟರ್ ಹಿಡಿದು ವೋಲ್ಟೇಜ್ ಇಳಿದದ್ದನ್ನು ಕಂಡ ಮೇಲೆಯೇ ಒಳಗೆ ಕೈ ಹಾಕಿ. ನಮಸ್ಕಾರ.